ಎರಡು ನೋವುಗಳ ನಡುವಿನ ಬಿಡುವು

ನನ್ನ ಮೇಜಿನ ಖಾನೆಯಲ್ಲಿ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇದೆ. ಅದರ ಎಡಬದಿಯಲ್ಲಿ ಮೇಲಿನಿಂದ ಕೆಳಗೆ ಬರೀ ಹೊತ್ತಿನ ಲೆಕ್ಕವಿದೆ: 9.50, 10.15, 10.34, 11.02, 11.20. ಮೊದಲ ಸಾಲುಗಳ ಅಕ್ಷರ ಅಂಕಪಟ್ಟಿ ತುಂಬುವವರ ಶಿಸ್ತಿನಲ್ಲಿ ದುಂಡಗಿದೆ. ಕೆಳಗಿಳಿದಂತೆ ಅಂಕಿಗಳು ವಾಲುತ್ತವೆ, ಒಂದು ಕಡೆ ಗಂಜಿಯ ಕಲೆ ಬಿದ್ದಿದೆ, ಇನ್ನೊಂದು ಕಡೆ ಪೆನ್ನು ಕೈಕೊಟ್ಟು ಪೆನ್ಸಿಲ್ಲಿನ ಬರಹ ಶುರುವಾಗಿದೆ. 2022ರಲ್ಲಿ ನನ್ನ ತಂಗಿಗೆ ಚೊಚ್ಚಲ ಹೆರಿಗೆಯ ಬೇನೆ ಕಾಣಿಸಿಕೊಂಡ ರಾತ್ರಿಯಿಂದ ಮರುದಿನ ರಾತ್ರಿಯವರೆಗೆ ಅವಳ ಪಕ್ಕದಲ್ಲಿ ಕೂತು ನಾನು ಬರೆದಿಟ್ಟ ಲೆಕ್ಕ ಅದು. ಬರೆದದ್ದು ನೋವು ಬಂದ ಹೊತ್ತನ್ನಾದರೂ ಓದಬೇಕಾದದ್ದು ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವೆ ಖಾಲಿ ಬಿಟ್ಟ ಜಾಗವನ್ನು. ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೋಗಬೇಕಾದರೆ ನನ್ನವೇ ಎರಡು ಹೆರಿಗೆಗಳು ಮುಗಿಯಬೇಕಾಯಿತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹತ್ತನೆಯ ತರಗತಿಯ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಅದರಲ್ಲಿ ಹೂವಿನ ಪರಾಗಕ್ಕೆ, ಯೀಸ್ಟಿನ ಮೊಗ್ಗಿಗೆ, ಗರ್ಭಧಾರಣೆಗೆ ಪುಟಗಟ್ಟಲೆ ವಿವರಣೆಯಿದೆ. ಹೆರಿಗೆಗೆ ಬಂದಾಗ ಮಾತ್ರ, ಗರ್ಭಕೋಶದ ಸ್ನಾಯುಗಳ ಲಯಬದ್ಧ ಸಂಕೋಚನದಿಂದ ಮಗು ಜನಿಸುತ್ತದೆ ಎಂಬರ್ಥದ ಒಂದೇ ವಾಕ್ಯ ಹೇಳಿ ಪಾಠ ಮುಂದಕ್ಕೆ ಹೋಗುತ್ತದೆ. ಆ ವಾಕ್ಯವನ್ನು ಎಷ್ಟೋ ಸಲ ಓದಿಸಿದ್ದೇನೆ, ಒಂದು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ. ಅದರಲ್ಲಿರುವ ‘ಲಯಬದ್ಧ’ ಎಂಬ ಮಾತಿನ ಮೇಲೆ ಒಂದು ಕ್ಷಣವೂ ನಿಂತದ್ದಿಲ್ಲ. ಲಯ ಎಂದ ಮೇಲೆ ಪೆಟ್ಟಿನಷ್ಟೇ ಬಿಡುವೂ ಇರಬೇಕಲ್ಲ? ಪಾವಗಡದ ಕಡೆಯವರಾದ, ಓದು ಬರಹ ತಿಳಿಯದ ನಮ್ಮಜ್ಜಿ ಅದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದಳು: “ಬೇನೆ ಬಂದು ಹೋಗಬೇಕು ಕಣವ್ವ. ಬಂದು ಹೋಗೋ ಬೇನೆ ಮಗು ಕೊಡುತ್ತೆ, ಬಂದು ಕೂರೋ ಬೇನೆ ಜೀವ ತೆಗೆಯುತ್ತೆ.” 2012ರಲ್ಲಿ ನಾನು ಚೊಚ್ಚಲ ಬಸುರಿಯಾಗಿದ್ದಾಗ ಈ ಮಾತನ್ನು ಹಳೆಯ ಕಾಲದವರ ಸಮಾಧಾನವೆಂದು ಕೇಳಿ ಬಿಟ್ಟಿದ್ದೆ.

ಹೆರಿಗೆಯ ಆರಂಭ ಎಲ್ಲಿ ಎಂಬುದೇ ಮೊದಲ ತೊಡಕು. ತಾಯಿ ಕಾರ್ಡಿನಲ್ಲಿ ಬರೆದುಕೊಡುವ ದಿನಾಂಕವು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುವ ಒಂದು ಅಂದಾಜು ಮಾತ್ರ; 37 ವಾರ ತುಂಬಿದ ಮೇಲೆ 42 ವಾರ ಆಗುವುದರೊಳಗೆ ಯಾವಾಗ ಬೇಕಾದರೂ ಬೇನೆ ಬರಬಹುದು. ಆದರೆ ಮನೆಯವರು ಆ ದಿನಾಂಕವನ್ನು ಮದುವೆಯ ಮುಹೂರ್ತದಂತೆ ಹಿಡಿದುಕೊಳ್ಳುತ್ತಾರೆ, ಅದು ದಾಟಿದ ಮರುದಿನದಿಂದಲೇ ನೆಂಟರಿಷ್ಟರ ಫೋನು ಶುರುವಾಗುತ್ತದೆ. ಇನ್ನು ದಿನ ತುಂಬುವ ಮೊದಲೇ ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗುವುದೂ ಉಂಟು. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯರು 1872ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯಕೀಯದಲ್ಲಿ ಅದಕ್ಕೆ ಅವರ ಹೆಸರೇ ನಿಂತಿದೆ. ನಮ್ಮಲ್ಲಿ ಅದನ್ನು ಸುಳ್ಳು ನೋವು ಎನ್ನುತ್ತಾರೆ. ಈ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಅನುಭವಿಸುವವಳಿಗೆ ಅದು ಸುಳ್ಳಲ್ಲ; ಆದರೆ ಅದಕ್ಕೆ ಲಯವಿಲ್ಲ ಎಂಬುದು ನಿಜ. ಒಮ್ಮೆ ಹತ್ತು ನಿಮಿಷಕ್ಕೆ, ಇನ್ನೊಮ್ಮೆ ನಲವತ್ತು ನಿಮಿಷಕ್ಕೆ ಬಂದು, ಮಗ್ಗುಲು ಬದಲಿಸಿದರೆ ಅಥವಾ ನಾಲ್ಕು ಹೆಜ್ಜೆ ಓಡಾಡಿದರೆ ಅಡಗಿಬಿಡುತ್ತದೆ. ನಿಜವಾದ ಬೇನೆಯಲ್ಲಿ ಬಿಡುವು ಕ್ರಮವಾಗಿ ಕಡಿಮೆಯಾಗುತ್ತದೆ, ಪ್ರತಿ ಸಲದ ಬಿಗಿತ ಹೆಚ್ಚು ಹೊತ್ತು ನಿಲ್ಲುತ್ತದೆ, ಸೊಂಟದಿಂದ ಹೊರಟು ಕಿಬ್ಬೊಟ್ಟೆಗೆ ಸುತ್ತಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇದನ್ನು ತೀರ್ಮಾನಿಸಲು ಜೀರಿಗೆ ಕಷಾಯ ಕುಡಿಸುತ್ತಾರೆ. ಸುಳ್ಳು ನೋವಾದರೆ ನಿಲ್ಲುತ್ತದೆ, ನಿಜವಾದರೆ ಜೋರಾಗುತ್ತದೆ ಎಂಬುದು ನಂಬಿಕೆ. ತಂಗಿಗೂ ಅಮ್ಮ ಆ ರಾತ್ರಿ ಬೆಲ್ಲ ಹಾಕಿದ ಕಷಾಯ ಕೊಟ್ಟಳು. ಪರೀಕ್ಷೆ ನಡೆಸುವುದು ಜೀರಿಗೆಯಲ್ಲ, ಅದನ್ನು ಕಾಯಿಸಿ, ಆರಿಸಿ, ಗುಟುಕು ಗುಟುಕಾಗಿ ಕುಡಿದು ಮುಗಿಸಲು ಹಿಡಿಯುವ ಅರ್ಧ ಗಂಟೆ ಎಂದು ನನ್ನ ಅನಿಸಿಕೆ. ಆ ಅರ್ಧ ಗಂಟೆ ಯಾರೂ ಗಾಬರಿಯಾಗದೆ ಕಾಯುತ್ತಾರೆ, ಹೊಟ್ಟೆಗೆ ಒಂದಿಷ್ಟು ನೀರು ಬೀಳುತ್ತದೆ, ಅಷ್ಟರಲ್ಲಿ ಬೇನೆ ತನ್ನ ಬಣ್ಣ ತೋರಿಸುತ್ತದೆ. ನಾನು ಹಾಳೆ ಹರಿದು ಬರೆಯಲು ಕೂತದ್ದು ಆಗಲೇ. ಆದರೆ ಕೆಲವು ಸಂದರ್ಭಗಳಲ್ಲಿ ಕಷಾಯವನ್ನೂ ಹಾಳೆಯನ್ನೂ ಬದಿಗಿಟ್ಟು ತಕ್ಷಣ 108ಕ್ಕೆ ಕರೆ ಮಾಡಬೇಕು: ನೀರು ಒಡೆದು ಅದರ ಬಣ್ಣ ಹಸಿರು ಅಥವಾ ಕಂದಾಗಿದ್ದರೆ, ರಕ್ತ ಹರಿಯತೊಡಗಿದರೆ, ಮಗುವಿನ ಮಿಸುಕಾಟ ಕಡಿಮೆಯಾದಂತೆ ಅನಿಸಿದರೆ, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾದರೆ, 37 ವಾರಕ್ಕೆ ಮೊದಲೇ ಬೇನೆ ಕಾಣಿಸಿದರೆ. ಬಿಡುವೇ ಇಲ್ಲದೆ ಹೊಟ್ಟೆ ಹಲಗೆಯಂತೆ ಬಿಗಿದುಕೊಂಡೇ ಇದ್ದರೂ ಹಾಗೆಯೇ. ಮಗು ಹುಟ್ಟುವ ಮೊದಲೇ, ಅದನ್ನು ಪೋಷಿಸುವ ಮಾಸು (ಪ್ಲಾಸೆಂಟಾ) ಗರ್ಭಕೋಶದ ಗೋಡೆಯಿಂದ ಕಿತ್ತುಬಂದಾಗ ಹೀಗಾಗಬಹುದು. ಅಜ್ಜಿ ಹೇಳುತ್ತಿದ್ದ ಬಂದು ಕೂರುವ ಬೇನೆ ಬಹುಶಃ ಇದೇ.

ನನ್ನ ಮೊದಲ ಹೆರಿಗೆಯಲ್ಲಿ ಬೇನೆ ಶುರುವಾದ ನಾಲ್ಕೇ ಗಂಟೆಯಲ್ಲಿ ಆಸ್ಪತ್ರೆ ಸೇರಿದ್ದೆ. ಒಳಪರೀಕ್ಷೆ ಮಾಡಿದವರು ಕೈಗವಸು ಕಳಚುತ್ತಾ, “ಇನ್ನೂ ಬಾಯಿ ಬಿಟ್ಟಿಲ್ಲ, ಎರಡು ಬೆರಳಷ್ಟಿದೆ, ಮನೆಗೆ ಹೋಗಿ ಬನ್ನಿ” ಎಂದರು. ನಾನು ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯಂತೆ ಆಟೋ ಹತ್ತಿದೆ. ಅಷ್ಟು ಹೊತ್ತು ತಿಂದ ಬೇನೆಯೆಲ್ಲ ವ್ಯರ್ಥವಾಯಿತೆಂದು ದಾರಿಯುದ್ದಕ್ಕೂ ಅತ್ತೆ. ಆದರೆ ವ್ಯರ್ಥವಾಗಿರಲಿಲ್ಲ. ಗರ್ಭಕೋಶದ ಕೊರಳು ಒಂಬತ್ತು ತಿಂಗಳು ಮಗುವನ್ನು ಒಳಗೇ ಹಿಡಿದಿಡಬೇಕಾದ್ದರಿಂದ ಮೂಗಿನ ತುದಿಯಷ್ಟು ಗಟ್ಟಿಯಾಗಿ, ಮೂರು ನಾಲ್ಕು ಸೆಂಟಿಮೀಟರ್ ಉದ್ದವಾಗಿ, ಬಾಯಿಗೆ ಲೋಳೆಯ ಬಿರಡೆ ಹಾಕಿಕೊಂಡು ನಿಂತಿರುತ್ತದೆ. ಅದು ಮೊದಲು ತುಟಿಯಷ್ಟು ಮೆತ್ತಗಾಗಬೇಕು, ಹಿಂದಕ್ಕೆ ಮುಖಮಾಡಿದ್ದದ್ದು ಮುಂದಕ್ಕೆ ತಿರುಗಬೇಕು, ಉದ್ದ ಕರಗಿ ಕಾಗದದಷ್ಟು ತೆಳುವಾಗಬೇಕು. ಆಮೇಲಷ್ಟೇ ಅಗಲವಾಗುವ ಮಾತು. ಸೆಂಟಿಮೀಟರಿನ ಲೆಕ್ಕದಲ್ಲಿ ಎರಡೆಂದೋ ಮೂರೆಂದೋ ತೋರುವ ಆ ದೀರ್ಘ ಹೊತ್ತಿನಲ್ಲಿ ಇಷ್ಟೆಲ್ಲ ಕೆಲಸ ನಡೆಯುತ್ತಿರುತ್ತದೆ. ಚೊಚ್ಚಲಿನಲ್ಲಿ ಇದಕ್ಕೆ ಒಂದು ಹಗಲೋ ಒಂದು ರಾತ್ರಿಯೋ ಹಿಡಿದರೆ ಅದು ಸಹಜವೇ. ‘ಮನೆಗೆ ಹೋಗಿ’ ಎಂದವರ ತೀರ್ಮಾನ ಸರಿಯಾಗಿಯೇ ಇತ್ತು. ಅದರ ಹಿಂದಿನ ಕಾರಣವನ್ನು ಎರಡು ಮಾತಿನಲ್ಲಿ ಹೇಳಿದ್ದರೆ ನಾನು ಅಳುತ್ತಿರಲಿಲ್ಲ.

ಈ ಸೆಂಟಿಮೀಟರಿನ ಲೆಕ್ಕಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್ 1954ರಲ್ಲಿ ಹೆರಿಗೆಯ ಗತಿಯನ್ನು ಗೆರೆಯಾಗಿ ಎಳೆದು ತೋರಿಸಿದರು. 1972ರಲ್ಲಿ ಆಗಿನ ರೊಡೇಶಿಯಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಅದನ್ನು ದಾದಿಯರು ಬಳಸಬಹುದಾದ ಪಾರ್ಟೋಗ್ರಾಫ್ ಎಂಬ ಹಾಳೆಯಾಗಿ ಬೆಳೆಸಿದರು. ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಎಚ್ಚರಿಕೆಯ ಗೆರೆ ಅಲ್ಲಿಂದ ಬಂದದ್ದು. ದೊಡ್ಡಾಸ್ಪತ್ರೆ ದೂರವಿರುವ ಕಡೆ ಯಾರನ್ನು ಯಾವಾಗ ಸಾಗಿಸಬೇಕೆಂದು ತಿಳಿಯಲು ಅದು ಬಹಳ ಉಪಕಾರ ಮಾಡಿದೆ. ಆದರೆ ಗೆರೆ ಕ್ರಮೇಣ ಗಡುವಾಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗಂಟೆಗೊಂದು ಸೆಂಟಿಮೀಟರ್ ಎಂಬುದು ಎಲ್ಲ ಹೆಂಗಸರಿಗೂ ಹೊಂದುವ ಅಳತೆಯಲ್ಲವೆಂದು ಹೇಳಿ, ಚುರುಕಿನ ಹಂತವನ್ನು 5 ಸೆಂಟಿಮೀಟರಿನಿಂದ ಎಣಿಸಬೇಕೆಂದೂ, ಅಲ್ಲಿಂದ ಪೂರ್ತಿ ತೆರೆದುಕೊಳ್ಳಲು ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗಳಲ್ಲಿ 10 ಗಂಟೆಯನ್ನು ಮೀರುವುದಿಲ್ಲವೆಂದೂ ತಿಳಿಸಿತು. ತಂಗಿಯನ್ನು ನಾವು ಮನೆಯಲ್ಲೇ ಇರಿಸಿಕೊಂಡು, ನನ್ನ ಹಾಳೆಯಲ್ಲಿ ಬಿಡುವು ಐದು ನಿಮಿಷಕ್ಕೆ ಇಳಿದ ಮೇಲೆ, ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ಜಿಲ್ಲಾಸ್ಪತ್ರೆ ತಲುಪಿದಾಗ 4 ಸೆಂಟಿಮೀಟರ್ ಆಗಿತ್ತು.

ಸಂಕೋಚನದ ಒಳಗಿನ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಅಚ್ಚರಿಯೆಲ್ಲ ಇರುವುದು ಅಲ್ಲಿಯೇ. ಕೈಯ ಸ್ನಾಯು ಬಿಗಿದು ಸಡಿಲಿಸಿದರೆ ಮತ್ತೆ ಮೊದಲಿನ ಉದ್ದಕ್ಕೇ ಬರುತ್ತದೆ. ಗರ್ಭಕೋಶದ ಮೇಲ್ಭಾಗದ ಸ್ನಾಯು ಹಾಗಲ್ಲ. ಪ್ರತಿ ಬೇನೆಯಲ್ಲಿ ಬಿಗಿದು, ಬೇನೆ ಹೋದಾಗ ಸಡಿಲಗೊಂಡರೂ ಮೊದಲಿಗಿಂತ ತುಸು ಗಿಡ್ಡವಾಗಿಯೇ ಉಳಿಯುತ್ತದೆ. ಹೀಗೆ ಎಳೆ ಎಳೆಯಾಗಿ ಮೇಲ್ಭಾಗ ದಪ್ಪಗಾಗುತ್ತಾ ಕೆಳಭಾಗವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಕೊರಳು ಮಗುವಿನ ತಲೆಯ ಮೇಲಿಂದ ಜಾರಿ ಹಿಂದೆ ಸರಿಯುತ್ತದೆ. ಬಿಗಿ ಕತ್ತಿನ ಸ್ವೆಟರನ್ನು ಮಗುವಿನ ತಲೆಗೆ ಏರಿಸಿ ಇಳಿಸುವ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇನೆಯ ಬಿಗಿತದಲ್ಲಿ ಗರ್ಭಕೋಶದ ಗೋಡೆಯೊಳಗಿನ ರಕ್ತನಾಳಗಳೂ ಹಿಂಡಿದಂತಾಗಿ ಮಾಸಿಗೆ ಬರುವ ರಕ್ತ ಅಷ್ಟು ಹೊತ್ತು ತೀರಾ ಕಡಿಮೆಯಾಗುತ್ತದೆ. ಆರೋಗ್ಯವಾಗಿರುವ ಮಗು ತನ್ನ ಬಳಿಯಿರುವ ಉಳಿಕೆಯಲ್ಲಿ ಆ ಒಂದು ನಿಮಿಷ ಸಾಗಿಸುತ್ತದೆ. ಬಿಡುವು ಬಂದಾಗ ರಕ್ತ ಮತ್ತೆ ನುಗ್ಗಿ ಉಳಿಕೆ ತುಂಬಿಕೊಳ್ಳುತ್ತದೆ. ಬಿಡುವಿನಲ್ಲಿ ದಣಿವಾರಿಸಿಕೊಳ್ಳುವುದು ತಾಯಿಯಾದರೆ ಉಸಿರು ತುಂಬಿಕೊಳ್ಳುವುದು ಮಗು. ಚುರುಕಿನ ಹಂತದಲ್ಲಿ ಹತ್ತು ನಿಮಿಷಕ್ಕೆ ಮೂರರಿಂದ ಐದು ಬೇನೆಗಳು ಬಂದರೆ ಅದು ಒಳ್ಳೆಯ ಗತಿ. ಐದಕ್ಕಿಂತ ಹೆಚ್ಚಾದರೆ ಅದನ್ನು ಚುರುಕು ಎನ್ನುವುದಿಲ್ಲ, ಅಪಾಯದ ಸೂಚನೆ ಎನ್ನುತ್ತಾರೆ. ಸಿಸ್ಟರು ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳುವುದೂ, ಬೇನೆ ಮುಗಿದ ಮೇಲೂ ಒಂದಿಷ್ಟು ಹೊತ್ತು ಕೇಳುತ್ತಲೇ ಇರುವುದೂ ಇದಕ್ಕಾಗಿಯೇ. ನಿಮಿಷಕ್ಕೆ 110ರಿಂದ 160ರೊಳಗೆ ಅದು ಇರಬೇಕು, ಬೇನೆಯಲ್ಲಿ ಇಳಿದರೂ ಬಿಡುವಿನಲ್ಲಿ ಚೇತರಿಸಿಕೊಳ್ಳಬೇಕು.

ಈ ಇಡೀ ಯಂತ್ರಕ್ಕೆ ಚಾಲನೆ ಕೊಡುವ ರಸಗಳಲ್ಲಿ ಮುಖ್ಯವಾದದ್ದು ಆಕ್ಸಿಟೋಸಿನ್. ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಬಿಗಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿ ವರದಿ ಮಾಡಿದರು. ವಿನ್ಸೆಂಟ್ ದು ವಿನ್ಯೊ 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಮಗುವಿನ ತಲೆ ಕೊರಳನ್ನು ಒತ್ತಿದಷ್ಟೂ ಈ ರಸ ಹೆಚ್ಚು ಸುರಿಯುತ್ತದೆ, ರಸ ಸುರಿದಷ್ಟೂ ತಲೆ ಇನ್ನಷ್ಟು ಒತ್ತುತ್ತದೆ. ದೇಹದ ಹೆಚ್ಚಿನ ವ್ಯವಸ್ಥೆಗಳು ಏರಿದ್ದನ್ನು ಇಳಿಸಿ ಸಮ ಮಾಡುವಂಥವು. ಏರಿದ್ದನ್ನು ಮತ್ತಷ್ಟು ಏರಿಸುವ ಅಪರೂಪದ ಉದಾಹರಣೆ ಇದು ಎಂದು ಈಗ ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಆದರೆ ದೇಹ ಇದನ್ನು ಅಲೆ ಅಲೆಯಾಗಿ ಬಿಡುತ್ತದೆ. ಬಾಟಲಿಯಿಂದ ಹನಿ ಹನಿಯಾಗಿ ನರಕ್ಕೆ ಹೋಗುವ ಆಕ್ಸಿಟೋಸಿನ್ನಿಗೆ ಬಿಡುವು ಕೊಡುವ ಹೊಣೆ ಹನಿಯ ವೇಗ ನೋಡುವವರ ಮೇಲಿರುತ್ತದೆ. ನನ್ನ ಮೊದಲ ಹೆರಿಗೆಯಲ್ಲಿ, ಊರು ಹೆಸರು ಹೇಳದ ಆ ಆಸ್ಪತ್ರೆಯಲ್ಲಿ, ನೋವು ಬರಿಸುವ ಡ್ರಿಪ್ ಹಾಕಿ ವೇಗ ಹೆಚ್ಚಿಸಿ ಹೋದವರು ಬಹಳ ಹೊತ್ತು ಬರಲಿಲ್ಲ. ಒಂದು ಬೇನೆ ಇಳಿಯುವ ಮೊದಲೇ ಇನ್ನೊಂದು ಏರುತ್ತಿತ್ತು. ಉಸಿರು ಎಳೆದುಕೊಳ್ಳಲು ಜಾಗವಿರಲಿಲ್ಲ. ಕೊನೆಗೆ ಎದೆಬಡಿತ ಕೇಳಲು ಬಂದ ಹಿರಿಯ ಸಿಸ್ಟರ್ ಮುಖ ಬಿಗಿ ಮಾಡಿ, ಮಾತಿಲ್ಲದೆ ಡ್ರಿಪ್ಪಿನ ಚಕ್ರ ತಿರುಗಿಸಿ ನಿಲ್ಲಿಸಿದರು, ನನ್ನನ್ನು ಎಡ ಮಗ್ಗುಲಿಗೆ ಹೊರಳಿಸಿದರು. ನಾಲ್ಕೈದು ನಿಮಿಷಕ್ಕೆ ಹೊಟ್ಟೆ ಸಡಿಲವಾಯಿತು, ಬಡಿತ ಏರಿತು. ಆ ಔಷಧವನ್ನು ನಾನು ದೂರುವುದಿಲ್ಲ. ಬೇನೆ ಸೋತು ನಿಂತ ಎಷ್ಟೋ ಹೆರಿಗೆಗಳನ್ನು ಅದು ದಡ ಮುಟ್ಟಿಸಿದೆ. ಆದರೆ ಅದು ಹೋಗುತ್ತಿರುವಾಗ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು.

ಹಾಗೆ ಕೂರುವ ಅವಕಾಶ ತಂಗಿಯ ಹೆರಿಗೆಯಲ್ಲಿ ನನಗೆ ಸಿಕ್ಕಿತು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ನಮ್ಮನ್ನು ಸೇರಿಸಿಕೊಂಡ ಸಿಸ್ಟರ್ ಒಂದೇ ಮಾತಿಗೆ ಒಪ್ಪಿ, ಚಪ್ಪಲಿ ಬದಲಿಸಿಕೊಂಡು ಒಳಗೆ ಬನ್ನಿ ಎಂದರು. ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದೇನಲ್ಲ. ಬೇನೆ ಬಂದಾಗ ಅಂಗೈಯ ಬುಡದಿಂದ ಸೊಂಟ ಒತ್ತಿ ಹಿಡಿಯುತ್ತಿದ್ದೆ, ಹೋದಾಗ “ಹೋಯಿತು ಕಣೆ, ಇದು ಹೋಯಿತು” ಎಂದು ಹೇಳುತ್ತಿದ್ದೆ. ನೋವಿನಲ್ಲಿರುವವಳಿಗೆ ಬಿಡುವು ಬಂದದ್ದೂ ಕೆಲವೊಮ್ಮೆ ತಿಳಿಯುವುದಿಲ್ಲ, ಮುಂದಿನದಕ್ಕೆ ಹೆದರಿ ಹಲ್ಲು ಕಚ್ಚಿಕೊಂಡೇ ಇರುತ್ತಾಳೆ. ಭುಜ ಇಳಿಸು, ಮುಷ್ಟಿ ಬಿಡಿಸು ಎಂದು ಹೊರಗಿನಿಂದ ಒಬ್ಬರು ಹೇಳಬೇಕಾಗುತ್ತದೆ. ಬಿಡುವಿನಲ್ಲಿ ಎರಡು ಚಮಚ ಗಂಜಿ, ಒಂದು ಗುಟುಕು ಎಳನೀರು, ಕಿಟಕಿಯವರೆಗೆ ನಡೆದು ಬರುವುದು, ಮಂಚದ ಕಂಬಿ ಹಿಡಿದು ಮುಂದಕ್ಕೆ ಬಾಗಿ ನಿಲ್ಲುವುದು. ತೊಡಕಿಲ್ಲದ ಹೆರಿಗೆಯಲ್ಲಿ ಊಟ ನೀರು ನಿಲ್ಲಿಸಬೇಕಾಗಿಲ್ಲ, ಮಲಗಿಯೇ ಇರಬೇಕಾಗಿಲ್ಲ ಎಂಬುದು ಈಗ ವೈದ್ಯರೇ ಹೇಳುವ ಮಾತು.

ಸಂಜೆ ಏಳರ ಹೊತ್ತಿಗೆ ಅವಳಿಗೆ 8 ಸೆಂಟಿಮೀಟರ್ ಆಗಿತ್ತು. ಒಮ್ಮೆ ವಾಂತಿಯಾಯಿತು, ಚಳಿಯಿಲ್ಲದಿದ್ದರೂ ತೊಡೆಗಳು ಗಡಗಡ ನಡುಗಿದವು. “ಅಕ್ಕಾ, ನನ್ನ ಕೈಲಿ ಆಗಲ್ಲ, ಆಪರೇಷನ್ ಮಾಡಿಸಿಬಿಡಿ” ಎಂದು ಕೈಮುಗಿದಳು. ಹೊರಗೆ ಕೂತಿದ್ದ ಅಮ್ಮನಿಗೆ ಈ ಮಾತು ಕೇಳಿಸಿ ಅವಳೂ ಅದನ್ನೇ ಹೇಳತೊಡಗಿದಳು. ಪೂರ್ತಿ ತೆರೆದುಕೊಳ್ಳುವ ಮೊದಲಿನ ಈ ಕೊನೆಯ ಮಜಲಿನಲ್ಲಿ ಬಹುತೇಕ ಎಲ್ಲ ಹೆಂಗಸರೂ ಹೀಗೆ ಕೈಚೆಲ್ಲುತ್ತಾರೆ, ಇದು ಮುಗಿಯುವ ಲಕ್ಷಣ ಎಂದು ಸಿಸ್ಟರ್ ಸಮಾಧಾನ ಹೇಳಿದರು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿವೆ. 2015–16ರ ಸಮೀಕ್ಷೆಯಲ್ಲಿ ಅದು ಶೇ 23.6 ಇತ್ತು. ನನ್ನ ಎರಡನೆಯ ಮಗು ಅಡ್ಡಲಾಗಿ ಮಲಗಿದ್ದರಿಂದ ಆಪರೇಷನ್ನಿನಲ್ಲೇ ಹುಟ್ಟಿತು, ಅದಿಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಹಾಗಾಗಿ ಸಹಜ ಹೆರಿಗೆಯಾದವರು ಗೆದ್ದರು, ಹೊಟ್ಟೆ ಕೊಯ್ಸಿಕೊಂಡವರು ಸೋತರು ಎಂಬ ಮಾತನ್ನು ನಾನು ಎಲ್ಲಿ ಕೇಳಿದರೂ ಅಲ್ಲಿಯೇ ಎದುರಾಡುತ್ತೇನೆ. ಆದರೆ ಎಂಟು ಸೆಂಟಿಮೀಟರಿನ ಹೊತ್ತಿಗೆ, ಮಗುವಿನ ಬಡಿತ ಚೆನ್ನಾಗಿರುವಾಗ, ಬರೀ ಭಯಕ್ಕೆ ಆಪರೇಷನ್ ಬೇಡುವ ತಾಯಿಗೆ ಬೇಕಾಗಿರುವುದು ಕತ್ತರಿಯಲ್ಲ.

ಹತ್ತು ಗಂಟೆಗೆ ಬಾಯಿ ಪೂರ್ತಿ ಬಿಟ್ಟಿತು. ಅದನ್ನೇ 10 ಸೆಂಟಿಮೀಟರ್ ಎನ್ನುವುದು. ಇಲ್ಲಿಂದ ಎರಡನೆಯ ಹಂತ. ಸೊಂಟದ ಮೂಳೆಯ ದಾರಿ ಮೇಲ್ಬಾಯಿಯಲ್ಲಿ ಅಡ್ಡಕ್ಕೆ ಅಗಲ, ಕೆಳಬಾಯಿಯಲ್ಲಿ ಹಿಂದು ಮುಂದಕ್ಕೆ ಅಗಲ. ಆದ್ದರಿಂದ ಮಗು ತಾಯಿಯ ಒಂದು ಮಗ್ಗುಲಿಗೆ ಮುಖಮಾಡಿ ಒಳಗೆ ಇಳಿದು, ಗಲ್ಲವನ್ನು ಎದೆಗೆ ಒತ್ತಿಕೊಂಡು, ನಡುದಾರಿಯಲ್ಲಿ ತಿರುಗಿ ತಾಯಿಯ ಬೆನ್ನಿನತ್ತ ಮುಖ ಹೊರಳಿಸಿ ಹೊರಬರುತ್ತದೆ. ಮಂಚವನ್ನು ಇಕ್ಕಟ್ಟಿನ ಬಾಗಿಲಲ್ಲಿ ಅತ್ತ ಇತ್ತ ಹೊರಳಿಸಿ ಸಾಗಿಸಿದವರಿಗೆ ಈ ಜಾಣ್ಮೆ ಗೊತ್ತು. ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ, ಅವು ಒಂದರ ಅಂಚಿನ ಮೇಲೊಂದು ಸರಿದು ತಲೆ ತುಸು ಕಿರಿದಾಗುತ್ತದೆ. ಹುಟ್ಟಿದ ದಿನ ತಲೆ ಸೋರೆಬುರುಡೆಯಂತೆ ಉದ್ದವಾಗಿ ಕಾಣುವುದು ಇದರಿಂದ, ಎರಡು ಮೂರು ದಿನಕ್ಕೆ ತಾನಾಗಿ ಸರಿಹೋಗುತ್ತದೆ.

ಈ ಹಂತದಲ್ಲಿ ಹೊರಗೆ ಕೂತವರಿಗೆ ಕೇಳಿಸುವುದು ‘ಮುಕ್ಕಮ್ಮಾ, ಮುಕ್ಕು’ ಎಂಬ ಕೂಗು. ನನ್ನ ಮೊದಲ ಹೆರಿಗೆಯಲ್ಲಿ ಬೇನೆ ಇರಲಿ ಬಿಡಲಿ ಮುಕ್ಕು ಎಂದು ಗದರಿಸಿ, ಸಾಲದೆಂದು ಒಬ್ಬರು ಸ್ಟೂಲಿನ ಮೇಲೆ ಹತ್ತಿ ಮೊಣಕೈಯಿಂದ ಹೊಟ್ಟೆ ಒತ್ತಿದ್ದರು. ಹೀಗೆ ಮೇಲಿನಿಂದ ಒತ್ತಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆಂದು ನಾನು ಓದಿದ್ದು ಆರು ವರ್ಷ ಕಳೆದ ಮೇಲೆ. ತಂಗಿಯ ಸಿಸ್ಟರ್ ಗದರಲಿಲ್ಲ. ಬೇನೆ ಏರಿದಾಗ ಅವಳಿಗೇ ಮುಕ್ಕಬೇಕೆನಿಸುತ್ತಿತ್ತು, ಮುಕ್ಕುತ್ತಿದ್ದಳು. ಇಳಿದಾಗ ದಿಂಬಿಗೆ ಒರಗುತ್ತಿದ್ದಳು, ಒಂದೆರಡು ಸಲ ಆ ಬಿಡುವಿನಲ್ಲಿ ಕಣ್ಣು ಮುಚ್ಚಿ ನಿದ್ದೆಯನ್ನೇ ಮಾಡಿದಳು. ಸಿಸ್ಟರ್ ನನ್ನನ್ನು ಕರೆದು ನೋಡಿ ಎಂದರು. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಒದ್ದೆಯಾದ ಕಪ್ಪು ಕೂದಲು ಕಂಡಿತು. ಬೇನೆ ಇಳಿಯಿತು, ಕೂದಲು ಒಳಗೆ ಸರಿಯಿತು. ನನ್ನ ಮುಖ ಬಾಡಿದ್ದು ಕಂಡು ಆಕೆ, “ಹಿಂದಕ್ಕೆ ಹೋಗಲಿ ಬಿಡಿ ಮೇಡಂ, ಹೋಗಿ ಬಂದರೇ ಚರ್ಮ ಹರಿಯಲ್ಲ” ಎಂದರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೀಗೆ ಹಿಗ್ಗಲು ಹೊತ್ತು ಸಿಕ್ಕಿದ ಮಾಂಸಖಂಡ ಕಡಿಮೆ ಹರಿಯುತ್ತದೆ, ಎಲ್ಲರಿಗೂ ರೂಢಿಯಂತೆ ಕೊಯ್ದು ಹೊಲಿಗೆ ಹಾಕಬೇಕಾಗುವುದಿಲ್ಲ. ಮುಂದಿನ ಬೇನೆಯಲ್ಲಿ ಕಂಡದ್ದು ಐದು ರೂಪಾಯಿ ನಾಣ್ಯದಷ್ಟಲ್ಲ, ಅಂಗೈಯಷ್ಟು. ಕೊನೆಯ ಎರಡು ಬೇನೆಗಳಲ್ಲಿ ಸಿಸ್ಟರ್ ಒಂದು ಕೈಯಲ್ಲಿ ತಲೆಯನ್ನು ಮೆಲ್ಲಗೆ ತಡೆದು, “ಈಗ ಮುಕ್ಕಬೇಡ, ಬಾಯಲ್ಲಿ ಉಸಿರು ಬಿಡು” ಎಂದರು. ಹಣೆ, ಕಣ್ಣು, ಮೂಗು, ಗಲ್ಲ ಒಂದೊಂದಾಗಿ ಜಾರಿ ಬಂದವು, ಭುಜ ತಿರುಗಿತು, ಉಳಿದದ್ದು ಮೀನಿನಂತೆ ಒಮ್ಮೆಲೇ ಬಂತು. 11.42. ನನ್ನ ಹಾಳೆಯ ಕೊನೆಯ ಅಂಕಿ ಅದು.

ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಬೋರಲಾಗಿ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದರು. ಬಳ್ಳಿಯನ್ನು ತಕ್ಷಣ ಕತ್ತರಿಸಲಿಲ್ಲ. ನೀಲಿ ಬಿಳಿ ಬಣ್ಣದ, ಹುರಿಗಟ್ಟಿದ ಹಗ್ಗದಂಥ ಅದು ಇನ್ನೂ ಮಿಡಿಯುತ್ತಿತ್ತು. ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರಿ ಮುಂದೆ ರಕ್ತಹೀನತೆ ತಪ್ಪಿಸಲು ನೆರವಾಗುತ್ತದೆ. ಅಷ್ಟರಲ್ಲಿ ತಂಗಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರು. ಹೊರಗೆ ಅಮ್ಮ ಸಕ್ಕರೆ ಹಂಚಲು ಓಡಾಡುತ್ತಿದ್ದಳು. ಎಲ್ಲರ ಕಣ್ಣೂ ಮಗುವಿನ ಮೇಲಿತ್ತು, ಆದರೆ ಸಿಸ್ಟರ್ ಕಣ್ಣು ಮಾತ್ರ ತಂಗಿಯ ಹೊಟ್ಟೆಯ ಮೇಲಿತ್ತು.

ಅಜ್ಜಿಯ ತಂಗಿಯೊಬ್ಬಳು ಮನೆಯಲ್ಲೇ ಹೆತ್ತು ಮೂರು ಗಂಟೆಯೊಳಗೆ ತೀರಿಕೊಂಡಿದ್ದಳು. ಆ ಕಥೆಯನ್ನು ಅಜ್ಜಿ ಪೂರ್ತಿ ಹೇಳಿದ್ದಿಲ್ಲ. “ಕೂಸು ಬಂತು, ಕಸ ಬರಲಿಲ್ಲ” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮಾಸನ್ನು ಅವಳು ಕಸ ಎನ್ನುತ್ತಿದ್ದಳು. ಮಾಸು ಕಳಚಿಕೊಂಡ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವುಗಳ ಸುತ್ತ ಹೆಣೆದುಕೊಂಡಿರುವ ಸ್ನಾಯುವಿನ ಎಳೆಗಳು ಬಿಗಿದು, ಚೀಲದ ಬಾಯಿಗೆ ಲಾಡಿ ಎಳೆದಂತೆ ಅವನ್ನು ಮುಚ್ಚಬೇಕು. ಅಲ್ಲಿಯವರೆಗೆ ಬಂದು ಹೋಗುತ್ತಿದ್ದ ಬಿಗಿತ ಈಗ ಬಂದು ಕೂರಬೇಕು. ಇಷ್ಟು ಹೊತ್ತು ಮಗುವನ್ನು ಉಳಿಸಿದ್ದ ಸಡಿಲಿಕೆಯೇ ಈಗ ಬಂದರೆ ತಾಯಿಯ ಜೀವಕ್ಕೆ ಅಪಾಯ. ಮಾಸು ಬಿದ್ದ ಮೇಲೆ ಸಿಸ್ಟರ್ ಅದನ್ನು ತಟ್ಟೆಯಲ್ಲಿ ಹರಡಿ ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ತಿರುವಿ ನೋಡಿದರು, ನನ್ನ ಬೆರಳನ್ನು ತಂಗಿಯ ಹೊಕ್ಕುಳಿನ ಹತ್ತಿರ ಒತ್ತಿಸಿ, ತೆಂಗಿನಕಾಯಿಯಂತೆ ಗಟ್ಟಿಯಾಗಿರುವುದನ್ನು ತೋರಿಸಿದರು. ಮೆತ್ತಗಾದಂತೆ ಅನಿಸಿದರೆ ತಕ್ಷಣ ಕೂಗಿ ಎಂದರು. ಆ ರಾತ್ರಿ ಎರಡು ಗಂಟೆಯವರೆಗೆ ನಾನು ಆಗಾಗ ಒತ್ತಿ ನೋಡುತ್ತಲೇ ಇದ್ದೆ.

ಹೆರಿಗೆಯ ನಂತರದ ರಕ್ತಸ್ರಾವ 500 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವವೆಂದು ಎಣಿಸುತ್ತಾರೆ. ಬಟ್ಟೆಗೆ, ನೆಲಕ್ಕೆ ಹರಿದ ರಕ್ತವನ್ನು ಕಣ್ಣಳತೆಯಲ್ಲಿ ಹೇಳುವವರು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಇದರ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಒಂದು ಕೆಲಸ ನಮ್ಮ ಬೆಳಗಾವಿಯ ಹಳ್ಳಿಗಳಲ್ಲಿ ನಡೆದಿದೆ ಎಂಬುದು ನನಗೆ ಹೆಮ್ಮೆಯ ವಿಷಯ. ಅಲ್ಲಿ 1,620 ಹೆಂಗಸರ ಹೆರಿಗೆಯಲ್ಲಿ, ಮನೆಗಳಲ್ಲೂ ಉಪಕೇಂದ್ರಗಳಲ್ಲೂ ಕಿರಿಯ ಆರೋಗ್ಯ ಸಹಾಯಕಿಯರೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಟ್ಟು, ಹರಿದ ರಕ್ತವನ್ನು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು. ಮಾತ್ರೆ ಪಡೆದವರಲ್ಲಿ ಅತಿಸ್ರಾವ ಶೇ 6.4, ಪಡೆಯದವರಲ್ಲಿ ಶೇ 12 ಎಂದು 2006ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ಕೊಡುವವರಿಲ್ಲದ, ಫ್ರಿಜ್ ಇಲ್ಲದ ಹಳ್ಳಿಯಲ್ಲಿ ಒಂದು ಮಾತ್ರೆಯ ಬೆಲೆ ಅಷ್ಟು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಸುದ್ದಿ ಬಂದಾಗಲೆಲ್ಲ ನನ್ನ ಗೆಳತಿಯರಲ್ಲಿ ಒಬ್ಬಿಬ್ಬರು, ಆ ಕಾಲವೇ ಚೆನ್ನಾಗಿತ್ತು, ಆಸ್ಪತ್ರೆಗಳೇ ಎಲ್ಲವನ್ನೂ ಕೆಡಿಸಿದವು ಎನ್ನುವುದುಂಟು. ನಾನು ಒಪ್ಪುವುದಿಲ್ಲ. 2019–21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿವೆ. ಅಜ್ಜಿಯ ತಂಗಿಗೆ ಸಿಗದೇ ಹೋದದ್ದು ಅದು. ಆದರೆ ನರಸಮ್ಮನಂಥವರು ಬಸುರಿಯ ಪಕ್ಕ ಕೂತು ಕಾಯುತ್ತಿದ್ದರಲ್ಲ, ಆ ಕೂರುವಿಕೆಯನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಬರಬೇಕಾಗಿರಲಿಲ್ಲ. ತಂಗಿಯ ಹೆರಿಗೆ ಮಾಡಿಸಿದ ಸಿಸ್ಟರ್ ಅಂದು ಮೂರು ಹೆರಿಗೆಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಹಾಗಿದ್ದರೂ ಅವರು ಎರಡು ಬೇನೆಗಳ ನಡುವೆ ಸ್ಟೂಲ್ ಎಳೆದು ಕೂತದ್ದನ್ನು ನಾನು ಕಂಡಿದ್ದೇನೆ.

ಮರುದಿನ ಮಗು ಮೊಲೆ ಚೀಪಲು ಶುರು ಮಾಡಿದಾಗ ತಂಗಿ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. “ಅಕ್ಕಾ, ಮತ್ತೆ ಬರ್ತಿದೆ” ಎಂದಳು. ಹಾಲು ಇಳಿಸುವುದೂ ಅದೇ ಆಕ್ಸಿಟೋಸಿನ್, ಅದು ಗರ್ಭಕೋಶವನ್ನೂ ಬಿಗಿಸುತ್ತದೆ, ಒಳ್ಳೆಯದೇ ಎಂದು ಮೇಷ್ಟರ ದನಿಯಲ್ಲಿ ಹೇಳಿದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ, ದಿಂಬಿನ ಕೆಳಗಿದ್ದ ಹಾಳೆಯನ್ನೂ ಪೆನ್ಸಿಲ್ಲನ್ನೂ ಕೇಳಿ ತೆಗೆದುಕೊಂಡಳು. ಹಾಳೆಯ ಹಿಂಬದಿಯಲ್ಲಿ ಈಗಲೂ ಅವಳ ಅಕ್ಷರವಿದೆ: 7.10 ಎಡ, 9.00 ಬಲ, 10.40 ಎಡ, ನಿದ್ದೆ.